ಖಜಾಂಚಿಯ ಕುರ್ಚಿಯಲ್ಲಿ ವಕೀಲೆ

ಪಿಯುಸಿ ಫಲಿತಾಂಶ ಬಂದ ಕೂಡಲೇ ಸಿಂಧನೂರು, ಲಿಂಗಸುಗೂರು, ಮಸ್ಕಿ ಸೀಮೆಯ ಮನೆಮನೆಗಳಲ್ಲಿ ಏಳುವ ಪ್ರಶ್ನೆ ಒಂದೇ: ಮಗಳನ್ನು ಮುಂದೆ ಏನು ಓದಿಸುವುದು? ಡಾಕ್ಟರು, ಎಂಜಿನಿಯರು, ಟೀಚರು ಎಂಬ ಪಟ್ಟಿಯಲ್ಲಿ ವಕೀಲಿಕೆಯ ಹೆಸರು ಬರುವುದು ಅಪರೂಪ. ಬಂದರೂ, "ಕೋರ್ಟು ಕಚೇರಿ ಹೆಣ್ಣುಮಕ್ಕಳಿಗೆ ಯಾಕವ್ವ?" ಎಂಬ ಹಿರಿಯರ ಮಾತಿಗೆ ಅದು ಅಲ್ಲಿಗೇ ನಿಲ್ಲುತ್ತದೆ.

ಈ ಮಾತನ್ನು ಮರುಯೋಚಿಸುವಂತೆ ಮಾಡುವ ಆದೇಶವೊಂದನ್ನು ಸುಪ್ರೀಂ ಕೋರ್ಟ್ 2025ರ ಮಾರ್ಚ್‌ನಲ್ಲಿ ನೀಡಿತು. ಕರ್ನಾಟಕದ ಜಿಲ್ಲಾ ವಕೀಲರ ಸಂಘಗಳಲ್ಲಿ ಖಜಾಂಚಿ ಹುದ್ದೆ ಮಹಿಳೆಗೇ ಮೀಸಲು. ಆಡಳಿತ ಮಂಡಳಿಯಲ್ಲಿ ಶೇ 30ರಷ್ಟು ಸ್ಥಾನ ಮಹಿಳೆಯರಿಗೆ. ಅದೇ ವರ್ಷದ ಜನವರಿಯಲ್ಲಿ ಬೆಂಗಳೂರು ವಕೀಲರ ಸಂಘದ ವಿಷಯದಲ್ಲಿ ಈ ಹೆಜ್ಜೆ ಇಟ್ಟಾಗಿತ್ತು. 2024ರ ಮೇ ತಿಂಗಳಿನಲ್ಲಿ ದೆಹಲಿಯ ಸುಪ್ರೀಂ ಕೋರ್ಟ್ ವಕೀಲರ ಸಂಘದ ಕಾರ್ಯಕಾರಿ ಸಮಿತಿಯಲ್ಲಿ ಮೂರನೇ ಒಂದು ಭಾಗವನ್ನು ಮಹಿಳೆಯರಿಗೆ ಮೀಸಲಿಡಲಾಗಿತ್ತು.

ಸಂಘ ಬೇರೆ, ಪರಿಷತ್ತು ಬೇರೆ

ಇವೆರಡನ್ನೂ ಒಂದೇ ಎಂದು ತಿಳಿಯುವವರುಂಟು. 1961ರ ವಕೀಲರ ಕಾಯ್ದೆಯಡಿ ಹುಟ್ಟಿದ ರಾಜ್ಯ ವಕೀಲರ ಪರಿಷತ್ತು ಸನ್ನದು ಕೊಡುತ್ತದೆ, ತಪ್ಪು ಮಾಡಿದ ವಕೀಲರನ್ನು ವಿಚಾರಿಸುತ್ತದೆ. ವಕೀಲರ ಸಂಘವಾದರೋ ವಕೀಲರೇ ಚಂದಾ ಕಟ್ಟಿ ನಡೆಸುವ ಸದಸ್ಯರ ಸಂಸ್ಥೆ. ಕುಳಿತುಕೊಳ್ಳುವ ಕೋಣೆ, ಗ್ರಂಥಾಲಯ, ಶೌಚಾಲಯ, ಕಲಾಪ ಬಹಿಷ್ಕಾರದ ತೀರ್ಮಾನ ಎಲ್ಲವೂ ಅಲ್ಲಿನ ಪದಾಧಿಕಾರಿಗಳ ಕೈಯಲ್ಲಿ. ಹೊಸದಾಗಿ ಕಪ್ಪು ಕೋಟು ತೊಟ್ಟ ಹುಡುಗಿಯ ದಿನ ಹೇಗೆ ಕಳೆಯುತ್ತದೆ ಎಂಬುದು ಬಹುಮಟ್ಟಿಗೆ ಈ ಸಂಘದ ಮೇಲೆ ನಿಂತಿದೆ.

ಖಜಾಂಚಿ ಹುದ್ದೆಯ ಮಹತ್ವವೂ ಇಲ್ಲೇ ಇದೆ. ಹಣದ ಲೆಕ್ಕ ಯಾರ ಬಳಿ ಇರುತ್ತದೆಯೋ ಅವರನ್ನು ಕೇಳದೆ ಸಂಘದ ಕೆಲಸ ಸಾಗದು. ಅದು ಬರಿಯ ಅಲಂಕಾರದ ಕುರ್ಚಿಯಲ್ಲ.

ನಮ್ಮ ದೇಶದಲ್ಲಿ ಮಹಿಳೆಯರು ವಕೀಲಿಕೆ ಮಾಡಲು ಇದ್ದ ಅಡ್ಡಿ ಕಾನೂನಿನ ಮೂಲಕ ತೊಲಗಿದ್ದು 1923ರಲ್ಲಿ. ಅಂದರೆ ಕೋರ್ಟಿನ ಬಾಗಿಲು ತೆರೆದು ನೂರು ವರ್ಷವಾದ ಮೇಲೆ ಸಂಘದ ಪದಾಧಿಕಾರದ ಬಾಗಿಲು ಆದೇಶದಿಂದ ತೆರೆಯಬೇಕಾಯಿತು!

ಪಂಚಾಯಿತಿ ಕಲಿಸಿದ ಪಾಠ

ಮೀಸಲಾತಿ ನಮಗೆ ಹೊಸದೇನಲ್ಲ. 1987ರ ಜಿಲ್ಲಾ ಪರಿಷತ್ ಚುನಾವಣೆಯಲ್ಲೇ ಕರ್ನಾಟಕ ಮಹಿಳೆಯರಿಗೆ ಶೇ 25ರಷ್ಟು ಸ್ಥಾನ ಕೊಟ್ಟಿತ್ತು. 2010ರಲ್ಲಿ ಪಂಚಾಯಿತಿಗಳಲ್ಲಿ ಅದು ಶೇ 50ಕ್ಕೆ ಏರಿತು. ಹೆಂಡತಿ ಸದಸ್ಯೆ, ದರಬಾರು ಗಂಡನದು ಎಂಬ ದೂರು ಮೊದಲಿನಿಂದಲೂ ಇದೆ. ಆದರೆ ಸಭೆಯಲ್ಲಿ ಎದ್ದುನಿಂತು ಲೆಕ್ಕ ಕೇಳುವ ಹೆಣ್ಣುಮಕ್ಕಳೂ ಅಲ್ಲಿಂದಲೇ ಬಂದರು. ವಕೀಲೆಯರಂತೂ ಕಾನೂನು ಓದಿದವರು, ಪ್ರಶ್ನಿಸುವುದೇ ಅವರ ಕಸುಬು.

ಆದೇಶ ಹೇಳುವುದು ಜಿಲ್ಲಾ ಸಂಘಗಳ ವಿಷಯ. ತಾಲ್ಲೂಕು ಮಟ್ಟದ ಸಂಘಗಳು ಇನ್ನೊಂದು ಆದೇಶಕ್ಕೆ ಕಾಯಬೇಕೆ? ಸದಸ್ಯರ ಸಭೆ ಕರೆದು ತಮ್ಮ ಬೈಲಾವನ್ನು ತಾವೇ ತಿದ್ದಿಕೊಂಡರೆ ಅದಕ್ಕಿಂತ ದೊಡ್ಡ ಮಾದರಿ ಬೇರೊಂದಿಲ್ಲ. ಆದರೆ ಮೀಸಲಿಟ್ಟ ಕುರ್ಚಿಯಲ್ಲಿ ಕೂರಲು ಊರಿನಲ್ಲಿ ವಕೀಲೆಯರು ಬೇಕಲ್ಲ! ಆ ಹೊಣೆ ಪಾಲಕರದು.

ಪಿಯುಸಿ ನಂತರ ಐದು ವರ್ಷದ, ಪದವಿಯ ನಂತರ ಮೂರು ವರ್ಷದ ಕಾನೂನು ಶಿಕ್ಷಣವಿದೆ. ಬಳಿಕ ಸನ್ನದು, ಅಖಿಲ ಭಾರತ ವಕೀಲರ ಪರೀಕ್ಷೆ. ಸನ್ನದಿಗೆ ಪರಿಷತ್ತುಗಳು ಸಾವಿರಾರು ರೂಪಾಯಿ ಪಡೆಯುತ್ತಿದ್ದ ಪದ್ಧತಿಗೆ 2024ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ತಡೆ ಹಾಕಿತು. ಕಾಯ್ದೆಯಲ್ಲಿರುವ ಶುಲ್ಕ ಸಾಮಾನ್ಯ ವರ್ಗಕ್ಕೆ 750 ರೂಪಾಯಿ, ಪರಿಶಿಷ್ಟ ಜಾತಿ-ಪಂಗಡದವರಿಗೆ 125 ರೂಪಾಯಿ. ಮುದ್ರಾಂಕ ಶುಲ್ಕ ಬೇರೆ. ಬಡ ರೈತನ, ಕೂಲಿಕಾರನ ಮಗಳಿಗೆ ಇದು ಸಣ್ಣ ನೆರವಲ್ಲ.

ದೊಡ್ಡವರಷ್ಟೇ ಅಲ್ಲ, ಸಣ್ಣವರೂ ಗುರಿ ಮುಟ್ಟಬಲ್ಲರು ಎಂಬ ಆಶಯವನ್ನು ಮಸ್ಕಿಯ ಅಶೋಕನ ಶಾಸನ ಎರಡು ಸಾವಿರ ವರ್ಷಕ್ಕೂ ಹಿಂದೆಯೇ ಬಂಡೆಯ ಮೇಲೆ ಬರೆಸಿದೆ. ಆ ನೆಲದ ಪಾಲಕರು ಮಗಳ ಆಯ್ಕೆಯ ಪಟ್ಟಿಗೆ ವಕೀಲಿಕೆಯನ್ನೂ ಸೇರಿಸಲಿ.