ನಿಮಗಿದು ಗೊತ್ತೆ? ಒಂದೇ ರಾಜ್ಯ, ಮೂರು ರಣಜಿ ತಂಡ!
ರಣಜಿ ಟ್ರೋಫಿಯಲ್ಲಿ ಆಡುವ ತಂಡಗಳು 38. ಆದರೆ ಭಾರತದ ನಕ್ಷೆ ಮುಂದಿಟ್ಟುಕೊಂಡು ಲೆಕ್ಕ ಹಾಕಲು ಕೂತರೆ ತಲೆ ಕೆಡುವುದು ಖಂಡಿತ. ಮಹಾರಾಷ್ಟ್ರ ಒಂದರಿಂದಲೇ ಮುಂಬೈ, ಮಹಾರಾಷ್ಟ್ರ, ವಿದರ್ಭ ಎಂಬ ಮೂರು ತಂಡಗಳು ಕಣಕ್ಕಿಳಿಯುತ್ತವೆ. ಗುಜರಾತಿನದೂ ಇದೇ ಕಥೆ: ಗುಜರಾತ್, ಬರೋಡ, ಸೌರಾಷ್ಟ್ರ. ರಾಜ್ಯಗಳ ಗಡಿ ಬದಲಾದರೂ ಹಳೆಯ ಕ್ರಿಕೆಟ್ ಸಂಸ್ಥೆಗಳು ತಮ್ಮ ಜಾಗ ಬಿಟ್ಟುಕೊಡಲಿಲ್ಲ. ಇನ್ನು ರೈಲ್ವೇಸ್ ಮತ್ತು ಸರ್ವಿಸಸ್ ತಂಡಗಳಿಗೆ ರಾಜ್ಯವೇ ಇಲ್ಲ. ಒಂದರಲ್ಲಿ ರೈಲ್ವೆ ನೌಕರರು, ಇನ್ನೊಂದರಲ್ಲಿ ಸೇನಾಪಡೆಗಳವರು.

ಈ ಟೂರ್ನಿಯ ಮೊಟ್ಟಮೊದಲ ಪಂದ್ಯ ಆಡಿದ್ದು ನಮ್ಮವರೇ. 1934ರ ನವೆಂಬರ್ 4ರಂದು ಚೆಪಾಕ್‌ನಲ್ಲಿ ಮದ್ರಾಸ್ ಎದುರು ಕಣಕ್ಕಿಳಿದ ಮೈಸೂರು ತಂಡ ಒಂದೇ ದಿನದಲ್ಲಿ ಇನಿಂಗ್ಸ್ ಸೋಲು ಕಂಡಿತು. ಹೆಮ್ಮೆಪಡುವ ಆರಂಭವೇನಲ್ಲ, ಬಿಡಿ! ಕರ್ನಾಟಕದ ಹೆಸರಿನಲ್ಲಿ ಮೊದಲ ಕಿರೀಟ ಸಿಕ್ಕಿದ್ದು 1973–74ರಲ್ಲಿ.

ಪಂದ್ಯ ಡ್ರಾ ಆದರೂ ಲೀಗ್ ಹಂತದಲ್ಲಿ ಮೊದಲ ಇನಿಂಗ್ಸ್ ಮುನ್ನಡೆ ಪಡೆದ ತಂಡಕ್ಕೆ 3 ಅಂಕ, ಹಿಂದೆ ಬಿದ್ದವರಿಗೆ 1. ಪೂರ್ಣ ಗೆಲುವಿಗೆ 6; ಇನಿಂಗ್ಸ್ ಅಥವಾ 10 ವಿಕೆಟ್‌ಗಳಿಂದ ಗೆದ್ದರೆ ಮೇಲೊಂದು ಬೋನಸ್ ಅಂಕ. ಅದಕ್ಕೇ ರಣಜಿಯಲ್ಲಿ ಕೊನೆಯ ಬ್ಯಾಟ್ಸ್‌ಮನ್ ಕೂಡ ನಾಲ್ಕು ರನ್ನಿಗಾಗಿ ಗಂಟೆಗಟ್ಟಲೆ ಕ್ರೀಸ್ ಕಚ್ಚಿಕೊಂಡು ನಿಲ್ಲುವುದು.