ಮಠದ ಜಾಲತಾಣಕ್ಕೆ ತಂತ್ರಾಂಶದ ಆಯ್ಕೆ

ಮಠಕ್ಕೊಂದು ಜಾಲತಾಣ ಬೇಕೆಂಬ ಮಾತು ಇಂದು ಕಲಬುರಗಿ ನಗರದಲ್ಲಿ ಮಾತ್ರವಲ್ಲದೆ, ಅದರ ಮಗ್ಗುಲಿನ ಶರಣಸಿರಸಗಿಯಲ್ಲಿಯೂ, ಈಚೆಗೆ ತಾಲೂಕು ಕೇಂದ್ರವಾದ ಕಮಲಾಪುರದಲ್ಲಿಯೂ ಕೇಳಿಬರುತ್ತಿದೆ. ಜಾತ್ರೆಯ ತಿಥಿ ಯಾವ ದಿನಕ್ಕೆ ಬಂದಿದೆ, ಶ್ರಾವಣದ ಪುರಾಣ ಯಾವ ಹೊತ್ತಿಗೆ, ದಾಸೋಹಕ್ಕೆ ಕಾಣಿಕೆ ಸಲ್ಲಿಸುವ ಬಗೆ ಹೇಗೆ ಎಂದು ಪುಣೆ, ಸೊಲ್ಲಾಪುರ, ಹೈದರಾಬಾದುಗಳಲ್ಲಿ ನೆಲೆಸಿದ ಭಕ್ತ ಕುಟುಂಬಗಳು ಕೇಳುವುದು ಸಹಜವೇ ಆಗಿದೆ. ತಾಣ ಬೇಕೆಂಬಲ್ಲಿ ಎಲ್ಲರೂ ಒಮ್ಮತದಿಂದಿರುವರು. ಅದನ್ನು ಯಾವ ತಂತ್ರಾಂಶದಿಂದ ಕಟ್ಟಬೇಕೆಂಬ ಪ್ರಶ್ನೆ ಎದುರಾದಾಗ ಮಾತ್ರ ಹಿರಿಯರು ಮೌನ ತಾಳುವರು. ಕಿರಿಯರು ತಮಗೆ ತಿಳಿದ ಒಂದು ಹೆಸರನ್ನು ಹೇಳಿ ಮುಗಿಸುವರು. ಈ ಮೌನ ಒಳ್ಳೆಯದಲ್ಲವೆಂಬುದು ನಮ್ಮ ಅಭಿಪ್ರಾಯ.

ಮಠದಲ್ಲಿ ಓದಿ ಬೆಳೆದವರಿಗೆ ಗಣಕಯಂತ್ರದ ಗೊಡವೆ ಏಕೆಂದು ಕೆಲವರು ಕೇಳಬಹುದು. ತಾಳೆಗರಿಯನ್ನು ಆರಿಸುವುದು, ಹದಗೊಳಿಸುವುದು, ಲೋಹದ ಮೊನೆಯಿಂದ ಅಕ್ಷರ ಕೊರೆದು ಮಸಿ ತುಂಬುವುದು, ಗರಿ ಮುಪ್ಪಾದಾಗ ಮರುಪ್ರತಿ ಮಾಡುವುದು ಇವೆಲ್ಲವೂ ಒಂದು ಕಾಲದಲ್ಲಿ ಮಠದ ವಿದ್ಯೆಗಳೇ ಆಗಿದ್ದವು. ಮರುಪ್ರತಿಯಾದ ಕೃತಿ ನಮ್ಮ ಕೈಗೆ ಬಂದಿದೆ. ಆಗದಿದ್ದುದು ಗೆದ್ದಲಿನ ಪಾಲಾಗಿದೆ. ಬರಹವನ್ನು ಯಾವುದರ ಮೇಲೆ ಇರಿಸಬೇಕು, ಅದರ ಕಾವಲು ಯಾರದು ಎಂಬ ಚಿಂತನೆ ನಮ್ಮ ಪರಂಪರೆಗೆ ಹೊಸದಲ್ಲ.

ಹಳಕಟ್ಟಿಯವರು ಕಲಿಸಿದ ಪಾಠ

ವಚನಪಿತಾಮಹ ಫ. ಗು. ಹಳಕಟ್ಟಿಯವರು (1880–1964) ವಿಜಾಪುರದಲ್ಲಿ ವಕೀಲಿ ವೃತ್ತಿಯಲ್ಲಿದ್ದು, ಮನೆಮನೆ ತಿರುಗಿ ತಾಳೆಯೋಲೆಗಳನ್ನು ಕೂಡಿಹಾಕಿದ ಕಥೆಯನ್ನು ವಾಚಕರು ಬಲ್ಲರು. ಅವರು ಸಿದ್ಧಪಡಿಸಿದ ‘ವಚನಶಾಸ್ತ್ರಸಾರ’ದ ಹಸ್ತಪ್ರತಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯಕ್ಕೆ ಹೋಗಿ ಅಚ್ಚಾಗದೆ ಮರಳಿತು. ಕೊನೆಗೆ 1923ರಲ್ಲಿ ಬೆಳಗಾವಿಯಲ್ಲಿ ಅದರ ಮೊದಲ ಭಾಗ ಬೆಳಕು ಕಂಡಿತು. ಅನಂತರ ಹಳಕಟ್ಟಿಯವರು ಇದ್ದ ಮನೆಯನ್ನು ಮಾರಿ ವಿಜಾಪುರದಲ್ಲಿ ‘ಹಿತಚಿಂತಕ’ ಮುದ್ರಣಾಲಯವನ್ನು ಸ್ಥಾಪಿಸಿದರು. 1926ರಿಂದ ‘ಶಿವಾನುಭವ’ ಪತ್ರಿಕೆಯನ್ನು ನಡೆಸಿದರು.

ಪರರ ಅಚ್ಚುಕೂಟ ಬೇಡವೆಂದರೆ ನಿಂತುಹೋಗುವ ಕಾರ್ಯವನ್ನು, ತನ್ನದೇ ಅಚ್ಚುಕೂಟವಿದ್ದರೆ ಬಡತನದಲ್ಲಿಯೂ ಮುಂದುವರಿಸಬಹುದೆಂಬುದನ್ನು ಆ ಮಹನೀಯರು ತಮ್ಮ ಬಾಳಿನಿಂದಲೇ ತೋರಿಸಿದರು. ಇಂದು ಜಾಲತಾಣದ ತಂತ್ರಾಂಶವನ್ನು ಆರಿಸುವವರ ಮುಂದೆ ಇರುವ ಮೊದಲ ಪ್ರಶ್ನೆಯೂ ಇದೇ.

ಈ ತಂತ್ರಾಂಶವೆಂದರೇನು?

1991ರಲ್ಲಿ ವಿಶ್ವವ್ಯಾಪಿ ಜಾಲ ಲೋಕಕ್ಕೆ ತೆರೆದುಕೊಂಡಾಗ ಪ್ರತಿಯೊಂದು ಪುಟವನ್ನೂ ಕೈಯಿಂದಲೇ ಸಂಕೇತಭಾಷೆಯಲ್ಲಿ ಬರೆಯಬೇಕಾಗಿತ್ತು. ಜಾತ್ರೆಯ ದಿನಾಂಕವೊಂದನ್ನು ತಿದ್ದಬೇಕಾದರೂ ತಂತ್ರಜ್ಞನನ್ನೇ ಕರೆಯಬೇಕು. ಈ ತೊಡಕನ್ನು ಪರಿಹರಿಸಲು ಹುಟ್ಟಿದ್ದೇ ‘ಕಂಟೆಂಟ್ ಮ್ಯಾನೇಜ್‌ಮೆಂಟ್ ಸಿಸ್ಟಂ’ ಅಥವಾ ವಿಷಯ ನಿರ್ವಹಣಾ ತಂತ್ರಾಂಶ. ಇದರಲ್ಲಿ ಬರಹ ಒಂದು ಕಡೆ ಸಂಗ್ರಹವಾಗಿರುತ್ತದೆ. ಪುಟದ ಅಂದಚಂದ ಬೇರೆಯಾಗಿರುತ್ತದೆ. ಯಾರು ಬರೆಯಬಹುದು, ಯಾರು ಒಪ್ಪಿಗೆ ನೀಡಬಹುದು ಎಂಬ ಅಧಿಕಾರದ ಹಂಚಿಕೆ ಮತ್ತೊಂದು. ಅಚ್ಚುಕೂಟದಲ್ಲಿ ಮೊಳೆ ಜೋಡಿಸುವವನು, ಕರಡು ತಿದ್ದುವವನು, ಸಂಪಾದಕ ಎಂದು ಮೂವರು ಇರುತ್ತಿದ್ದಂತೆಯೇ ಇದು. ಸಂಕೇತಭಾಷೆಯನ್ನು ಅರಿಯದ ಶಿಕ್ಷಕಿಯೊಬ್ಬರು ಮನೆಯಲ್ಲಿ ಕುಳಿತು ಲೇಖನ ಸೇರಿಸಬಹುದು. ಸಂಪಾದಕರು ಒಪ್ಪಿದ ಮೇಲೆಯೇ ಅದು ಹೊರಗೆ ಕಾಣುವುದು.

ಆಯ್ಕೆಗೆ ಮುನ್ನ ನಾಲ್ಕು ಪ್ರಶ್ನೆಗಳು

ಒಂದು, ಕೀಲಿಕೈ ಯಾರಲ್ಲಿದೆ? ತಾಣದ ಹೆಸರು, ಅಂದರೆ ಡೊಮೈನು, ಮಠದ ಅಥವಾ ಟ್ರಸ್ಟಿನ ಹೆಸರಿನಲ್ಲಿಯೇ ನೋಂದಣಿಯಾಗಬೇಕು. ಅದನ್ನು ಕಾಲಕಾಲಕ್ಕೆ ನವೀಕರಿಸಬೇಕು. ಕಟ್ಟಿಕೊಟ್ಟವನ ಹೆಸರಿನಲ್ಲಿ ನೋಂದಾಯಿಸಿದರೆ, ಆತ ಊರು ಬಿಟ್ಟ ದಿನ ತಾಣವೂ ಕೈತಪ್ಪುತ್ತದೆ. ಮಠದ ಆಸ್ತಿಪತ್ರವನ್ನು ಗೌಂಡಿಯ ಹೆಸರಿಗೆ ಬರೆದುಕೊಡುವವರು ಯಾರಿದ್ದಾರೆ?

ಎರಡು, ಬಿಟ್ಟು ಹೊರಡುವ ದಾರಿ ಇದೆಯೇ? ಉಚಿತವಾಗಿ ಸ್ಥಳ ನೀಡುವ ಸೇವೆಗಳು ಹಲವು. ಲಕ್ಷಾಂತರ ಜನ ಪುಟ ಕಟ್ಟಿಕೊಂಡಿದ್ದ ಜಿಯೋಸಿಟೀಸ್ 2009ರಲ್ಲಿ ಮುಚ್ಚಿತು. ಆರ್ಕುಟ್ 2014ರಲ್ಲಿ, ಗೂಗಲ್ ಪ್ಲಸ್ 2019ರಲ್ಲಿ ಮುಚ್ಚಿದವು. ಪರರ ಹೊಲದಲ್ಲಿ ಕಟ್ಟಿದ ಗುಡಿಸಲಿಗೆ ಹೊಲದೊಡೆಯನ ಮನಸ್ಸೇ ಆಧಾರ. ಬರೆದುದೆಲ್ಲವನ್ನೂ ಒಂದು ಕಡತವಾಗಿ ಇಳಿಸಿಕೊಂಡು ಬೇರೆಡೆಗೆ ಒಯ್ಯಲು ಬಿಡದ ಸೇವೆಯನ್ನು ಆರಿಸಲಾಗದು.

ಮೂರು, ಕನ್ನಡ ಅದರಲ್ಲಿ ಸುಖವಾಗಿರುವುದೇ? 1990ರ ದಶಕದಲ್ಲಿ ಬಹುಪಾಲು ಕನ್ನಡ ಬೆರಳಚ್ಚು ತಂತ್ರಾಂಶಗಳು ಇಂಗ್ಲಿಷ್ ಅಕ್ಷರಗಳ ಸ್ಥಾನಗಳಲ್ಲಿಯೇ ಕನ್ನಡದ ಆಕಾರಗಳನ್ನು ಕುಳ್ಳಿರಿಸಿದ್ದವು. ಆ ಫಾಂಟು ಇಲ್ಲದ ಯಂತ್ರದಲ್ಲಿ ಲೇಖನವೆಲ್ಲ ಅರ್ಥವಿಲ್ಲದ ಚಿಹ್ನೆಗಳ ರಾಶಿಯಾಗಿ ಕಾಣುತ್ತಿತ್ತು. 1991ರಲ್ಲಿ ಹೊರಬಂದ ಯುನಿಕೋಡಿನ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ತನ್ನದೇ ಸ್ಥಾನ ದೊರೆತಿದ್ದರೂ, ಅದು ಬಳಕೆಗೆ ಬರಲು ಬಹುಕಾಲ ಹಿಡಿಯಿತು. ಹೀಗಾಗಿ ಹಳೆಯ ಸಂಚಿಕೆಗಳ ಕಡತಗಳು ಇನ್ನೂ ಹಳೆಯ ಸಂಕೇತದಲ್ಲಿಯೇ ಉಳಿದಿರುವುದುಂಟು. ಅವುಗಳನ್ನು ಪರಿವರ್ತಕದಿಂದ ಯುನಿಕೋಡಿಗೆ ತಂದು, ಒತ್ತಕ್ಷರ ಅರ್ಕಾವತ್ತುಗಳನ್ನು ಕಣ್ಣಾರೆ ತಿದ್ದಿದ ಮೇಲೆಯೇ ತಾಣಕ್ಕೆ ಏರಿಸಬೇಕು. ಪುಟಗಳ ಚಿತ್ರ ತೆಗೆದು ಏರಿಸಿದರೆ ಸಾಲದೇ ಎಂದರೆ, ಓದಲು ಸಾಕು, ಹುಡುಕಲು ಸಾಲದು.

ಹುಡುಕುವ ವಿಷಯದಲ್ಲಿ ನಮ್ಮ ಭಾಷೆಗೆ ತನ್ನದೇ ಗುಣವಿದೆ. ವಿಭಕ್ತಿ ಪ್ರತ್ಯಯಗಳು ಪದಕ್ಕೆ ಅಂಟಿಕೊಳ್ಳುವುದರಿಂದ, ‘ಶರಣರು’ ಎಂದು ಹುಡುಕಿದರೆ ‘ಶರಣರಿಗೆ’ ಎಂದಿರುವ ಪುಟ ಸಾಮಾನ್ಯ ಹುಡುಕಾಟಕ್ಕೆ ಸಿಗದು. ಕೊಳ್ಳುವ ಮುನ್ನ ಇದನ್ನು ಮಾಡಿಸಿ ನೋಡಬೇಕು. ಪುಟದ ವಿಳಾಸವನ್ನು ಕನ್ನಡದಲ್ಲಿಟ್ಟರೆ ವಾಟ್ಸಾಪಿನಲ್ಲಿ ಕಳುಹಿಸುವಾಗ ಅದು ಶೇಕಡಾ ಚಿಹ್ನೆಗಳ ಉದ್ದನೆಯ ಸರಪಳಿಯಾಗಿ ಬದಲಾಗುವುದುಂಟು; ಆದುದರಿಂದ ಶೀರ್ಷಿಕೆ ಕನ್ನಡದಲ್ಲಿದ್ದು, ವಿಳಾಸ ಚಿಕ್ಕದಾಗಿ ರೋಮನ್ ಅಕ್ಷರಗಳಲ್ಲಿರುವುದು ಅನುಕೂಲ.

ನಾಲ್ಕು, ದಿನವೂ ಅದಕ್ಕೆ ನೀರೆರೆಯುವವರು ಯಾರು? ತಂತ್ರಾಂಶಕ್ಕೂ ಆಯುಷ್ಯವುಂಟು. 2011ರಲ್ಲಿ ಬಂದ ದ್ರುಪಲ್ 7ನೆಯ ಆವೃತ್ತಿಗೆ 2025ರ ಜನವರಿ 5ರಂದು ರಕ್ಷಣೆ ನಿಂತಿತು. ಅದರ ಮೇಲೆ ಕಟ್ಟಿದ ತಾಣಗಳನ್ನು ಹೊಸತಕ್ಕೆ ಸಾಗಿಸುವುದು ಅನಿವಾರ್ಯವಾಯಿತು. ಕಟ್ಟುವ ದಿನದ ಖರ್ಚಿಗಿಂತ ಕಾಯುವ ವರುಷಗಳ ಖರ್ಚೇ ಮಿಗಿಲು.

ಇರುವ ದಾರಿಗಳು

ಕಮಲಾಪುರದ ಕೆಂಪು ಬಾಳೆ ಎಲ್ಲ ಮಣ್ಣಿನಲ್ಲಿಯೂ ಅದೇ ರುಚಿಯಿಂದ ಬಾರದು. ಕಲಬುರಗಿಯ ತೊಗರಿಗೆ ಕರಿಯ ಎರೆಭೂಮಿಯೇ ಬೇಕು. ತಂತ್ರಾಂಶಗಳ ಸ್ವಭಾವವೂ ಹಾಗೆಯೇ.

ವರ್ಡ್‌ಪ್ರೆಸ್ 2003ರ ಮೇ 27ರಂದು ಹೊರಬಂದುದು. ಜಗತ್ತಿನ ಜಾಲತಾಣಗಳಲ್ಲಿ ನೂರಕ್ಕೆ ನಲವತ್ತಕ್ಕೂ ಮಿಕ್ಕಿ ಇದರಿಂದಲೇ ನಡೆಯುತ್ತವೆಯಾದುದರಿಂದ, ಬಲ್ಲವರು ಕಲಬುರಗಿಯಂತಹ ಊರಿನಲ್ಲಿಯೂ ಸಿಗುವರು. ಆಡಳಿತಗಾರ, ಸಂಪಾದಕ, ಲೇಖಕ, ಸಹಾಯಕ ಲೇಖಕ, ಚಂದಾದಾರ ಎಂಬ ಐದು ಪದವಿಗಳು ಇದರಲ್ಲಿ ಸಿದ್ಧವಾಗಿಯೇ ಇವೆ. ಮಾಸಪತ್ರಿಕೆಯ ಕಾರ್ಯಾಲಯಕ್ಕೆ ಇದು ಸಹಜವಾಗಿ ಹೊಂದುತ್ತದೆ. ದೋಷವೆಂದರೆ, ಪ್ಲಗಿನ್ ಎಂಬ ಉಪಾಂಗಗಳನ್ನು ಕಂಡಕಂಡಂತೆ ಸೇರಿಸುವ ಚಾಪಲ್ಯ. ಇದರ ತಾಣಗಳಿಗೆ ಕನ್ನ ಬೀಳುವುದು ಬಹುಮಟ್ಟಿಗೆ ಹಳತಾದ ಉಪಾಂಗಗಳ ಮೂಲಕವೇ. ಅದೇ ಹೆಸರಿನ ಬಾಡಿಗೆ ಸೇವೆ ಬೇರೆ, ನಮ್ಮದೇ ಸರ್ವರಿನಲ್ಲಿ ಹೂಡುವ ತಂತ್ರಾಂಶ ಬೇರೆ ಎಂಬುದನ್ನೂ ಮರೆಯಬಾರದು.

ದ್ರುಪಲ್ 2001ರಲ್ಲಿ ಬೆಲ್ಜಿಯಂ ದೇಶದ ಡ್ರೀಸ್ ಬೈಟಾರ್ಟ್ ಅವರಿಂದ ಹೊರಬಂದುದು. ವಚನಕಾರ, ಅಂಕಿತ, ಆಕರ, ಪಾಠಾಂತರ ಎಂದು ವಿಂಗಡಿಸಿದ ಸಾಮಗ್ರಿಯನ್ನು ಒಪ್ಪವಾಗಿ ಇಡಬಲ್ಲದು. ಆದರೆ ನುರಿತ ತಂತ್ರಜ್ಞನಿಲ್ಲದೆ ಅದನ್ನು ಸಾಕುವುದು ಕಷ್ಟ.

ಜೂಮ್ಲಾದ ಹುಟ್ಟಿನಲ್ಲಿಯೇ ನಮಗೊಂದು ನೀತಿಯಿದೆ. ಮಾಂಬೊ ಎಂಬ ತಂತ್ರಾಂಶದ ಒಡೆತನದ ಬಗೆಗೆ ವಿವಾದ ಬಂದಾಗ ಅದನ್ನು ಕಟ್ಟುತ್ತಿದ್ದವರು 2005ರಲ್ಲಿ ಹೊರಬಂದು, ಅದೇ ಸಂಕೇತದಿಂದ ಹೊಸತನ್ನು ಬೆಳೆಸಿದರು. ಸ್ವಾಹಿಲಿ ಭಾಷೆಯ ‘ಎಲ್ಲರೂ ಒಟ್ಟಾಗಿ’ ಎಂಬರ್ಥದ ಮಾತಿನಿಂದ ಅದಕ್ಕೆ ಹೆಸರು ಬಂದಿತು. ಮುಕ್ತ ಪರವಾನಗಿ ಇದ್ದುದರಿಂದಲೇ ಅದು ಸಾಧ್ಯವಾಯಿತು. ಈ ಮೂರೂ, ವಿಕಿಪೀಡಿಯಕ್ಕೆ ಆಧಾರವಾದ ಮೀಡಿಯಾವಿಕಿಯೂ ಜಿಪಿಎಲ್ ಎಂಬ ಮುಕ್ತ ಪರವಾನಗಿಯವು. ಬಳಸಲು, ತಿದ್ದಲು, ಹಂಚಲು ಯಾರ ಅಪ್ಪಣೆಯೂ ಬೇಡ. ದಾಸೋಹದ ಪಂಕ್ತಿಗೆ ಚೀಟಿ ಇಲ್ಲದಂತೆಯೇ ಇದು.

ಇನ್ನೊಂದು ದಾರಿ ಸ್ಥಿರ ಪುಟಗಳದು. ಪುಟಗಳನ್ನು ಮೊದಲೇ ಸಿದ್ಧಪಡಿಸಿ ಇಟ್ಟಿರುವುದರಿಂದ, ರಥೋತ್ಸವದ ದಿನ ಸಾವಿರಾರು ಜನ ಒಮ್ಮೆಲೇ ನೋಡಿದರೂ ಕುಸಿಯದು; ಕನ್ನ ಹಾಕಲು ಬಾಗಿಲುಗಳೂ ಕಡಿಮೆ. ವರುಷಕ್ಕೆ ನಾಲ್ಕಾರು ಸಲ ಮಾತ್ರ ತಿದ್ದುವ ಚಿಕ್ಕ ಮಠಕ್ಕೆ ಇದು ಸಾಕು. ತಿದ್ದಲು ಬಲ್ಲ ಒಬ್ಬ ಯುವಕ ಮಾತ್ರ ಬೇಕು.

ವಚನಗಳನ್ನು ಏನು ಮಾಡುವುದು?

ತಾಣ ಕಟ್ಟುವವರೆಲ್ಲರೂ ಮೊದಲು ವಚನಗಳನ್ನು ಬೆರಳಚ್ಚಿಸಲು ತೊಡಗುವರು. ಉತ್ಸಾಹ ಶ್ಲಾಘ್ಯ, ಆದರೆ ಅವಸರದ ಬೆರಳಚ್ಚಿನಲ್ಲಿ ತಪ್ಪು ಪಾಠಗಳು ಹಬ್ಬುವುವು, ಒಬ್ಬರ ಅಂಕಿತ ಮತ್ತೊಬ್ಬರಿಗೆ ಸೇರುವುದು. ಕರ್ನಾಟಕ ಸರ್ಕಾರದ ‘ಸಮಗ್ರ ವಚನ ಸಂಪುಟ’ಗಳು 1993ರಿಂದ ಹದಿನೈದು ಸಂಪುಟಗಳಾಗಿ ಬಂದಿವೆ, ಎಂ. ಎಂ. ಕಲಬುರ್ಗಿಯವರು ಅದರ ಪ್ರಧಾನ ಸಂಪಾದಕರು. ‘ವಚನ ಸಂಚಯ’ ಎಂಬ ತಾಣದಲ್ಲಿ ಇಪ್ಪತ್ತು ಸಾವಿರಕ್ಕೂ ಮಿಕ್ಕ ವಚನಗಳನ್ನು ಪದಪದವಾಗಿ ಹುಡುಕಬಹುದು. ಹೀಗಿರಲು, ಅಲ್ಲಿಗೆ ದಾರಿ ತೋರಿಸಿ, ನಮ್ಮ ಶ್ರಮವನ್ನು ಬೇರೆಲ್ಲಿಯೂ ಸಿಗದ ಸಾಮಗ್ರಿಗೆ ಮೀಸಲಿಡುವುದು ಲೇಸು. ಊರ ಹಿರಿಯರು ಹೇಳುವ ದಾಸೋಹದ ಕಥೆಗಳು, ಭಜನೆಯ ಧಾಟಿಗಳ ಧ್ವನಿಮುದ್ರಿಕೆ, ಮಠದ ದಫ್ತರಿನ ಹಳೆಯ ಕಾಗದಪತ್ರಗಳು, ನಿಂತುಹೋದ ಪತ್ರಿಕೆಗಳ ಸಂಚಿಕೆಗಳು ನಾವು ಉಳಿಸದಿದ್ದರೆ ಉಳಿಯಲಾರವು.

ಮನೆತನಗಳ ಮಾನ

ಕೌಟುಂಬಿಕ ಪತ್ರಿಕೆಯನ್ನು ಜಾಲಕ್ಕೆ ಏರಿಸುವಾಗ ವಧೂವರರ ಅಂಕಣವೇ ಎಲ್ಲಕ್ಕಿಂತ ಸೂಕ್ಷ್ಮವಾದುದು. ಮುದ್ರಿತ ಸಂಚಿಕೆ ಚಂದಾದಾರರ ಮನೆಯೊಳಗೆ ಉಳಿಯುತ್ತದೆ. ಜಾಲದ ಪುಟವನ್ನಾದರೋ ಯಾರು ಬೇಕಾದರೂ ನೋಡಬಹುದು, ನಕಲು ಮಾಡಬಹುದು, ವರುಷಗಳ ನಂತರವೂ ಹುಡುಕಿ ತೆಗೆಯಬಹುದು. ಕನ್ಯೆಯ ಭಾವಚಿತ್ರ, ಜನ್ಮದಿನಾಂಕ, ತಂದೆಯ ದೂರವಾಣಿ ಸಂಖ್ಯೆಗಳು ಮದುವೆಯಾಗಿ ಹತ್ತು ವರುಷದ ಮೇಲೂ ಅಲ್ಲಿ ಉಳಿದಿದ್ದರೆ ಅದರ ನೋವು ಆ ಮನೆತನಕ್ಕೆ. ಸಂಸತ್ತು 2023ರಲ್ಲಿ ಅಂಗೀಕರಿಸಿದ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಒಪ್ಪಿಗೆಯನ್ನೇ ಆಧಾರವಾಗಿರಿಸಿಕೊಂಡಿದೆ. ಆದುದರಿಂದ ಹಳೆಯ ಸಂಚಿಕೆಗಳನ್ನು ಏರಿಸುವಾಗ ಆ ಪುಟಗಳನ್ನು ಬಿಡಬೇಕು. ಹೊಸ ವಿವರಗಳನ್ನು ಸದಸ್ಯರ ಪ್ರವೇಶದ್ವಾರದ ಒಳಗೆ, ಕನ್ಯೆಯ ಮತ್ತು ವರನ ಒಪ್ಪಿಗೆ ಪಡೆದು, ಅವಧಿ ಮುಗಿದೊಡನೆ ಅಳಿಸುವ ಕಟ್ಟಳೆಯೊಡನೆ ಇಡಬೇಕು. ಈ ವ್ಯವಸ್ಥೆಯನ್ನು ನಿಭಾಯಿಸಲಾರದ ತಂತ್ರಾಂಶವಾದರೆ ಆ ಅಂಕಣವನ್ನು ಕಾಗದದಲ್ಲಿಯೇ ಉಳಿಸುವುದು ಮೇಲು.

ನಮ್ಮ ನಿರ್ಣಯ

ಒಬ್ಬಿಬ್ಬರು ಸ್ವಯಂಸೇವಕರಿಂದ ನಡೆಯುವ ಮಠ ಅಥವಾ ಮಾಸಪತ್ರಿಕೆಗೆ, ತನ್ನದೇ ಸರ್ವರಿನಲ್ಲಿ ಹೂಡಿದ ವರ್ಡ್‌ಪ್ರೆಸ್, ಬೆರಳೆಣಿಕೆಯ ಉಪಾಂಗಗಳೊಡನೆ, ಸಾಕಾಗುವುದು. ತಿದ್ದುವವರು ಅಪರೂಪವಾದ ಚಿಕ್ಕ ಊರಿಗೆ ಸ್ಥಿರ ಪುಟಗಳು. ಹಸ್ತಪ್ರತಿ ಭಂಡಾರವಿದ್ದು ವಿದ್ವಾಂಸರೂ ತಂತ್ರಜ್ಞರೂ ಇರುವ ದೊಡ್ಡ ಸಂಸ್ಥೆಗೆ ಮಾತ್ರ ದ್ರುಪಲ್ ಅಥವಾ ಮೀಡಿಯಾವಿಕಿ. ಯಾವುದನ್ನೇ ಆರಿಸಿದರೂ ಗುಪ್ತಪದಗಳು ಮಠದ ತಿಜೋರಿಯಲ್ಲಿ ಲಕೋಟೆಯೊಳಗೆ ಇರಲಿ, ಇಬ್ಬರು ಹೊಣೆಗಾರರಿಗೆ ತಿಳಿದಿರಲಿ. ತಿಂಗಳಿಗೊಮ್ಮೆ ಇಡೀ ತಾಣದ ಪ್ರತಿ ತೆಗೆದು ಸರ್ವರಿನ ಹೊರಗೆ ಎರಡು ಬೇರೆಬೇರೆ ಸ್ಥಳಗಳಲ್ಲಿ ಇಡುವುದು ನಿಯಮವಾಗಲಿ. ವರುಷಕ್ಕೊಮ್ಮೆ ಆ ಪ್ರತಿಯಿಂದ ತಾಣವನ್ನು ಮರಳಿ ನಿಲ್ಲಿಸಿ ನೋಡುವುದೂ ಅಗತ್ಯ; ತೆರೆಯದ ಬುತ್ತಿಯಲ್ಲಿ ರೊಟ್ಟಿ ಇದೆಯೋ ಇಲ್ಲವೋ ಹಸಿದಾಗ ತಿಳಿದು ಫಲವಿಲ್ಲ.

ಟ್ರಸ್ಟಿನ ಮುಂದಿನ ಸಭೆಯಲ್ಲಿ ಜಾಲತಾಣದ ವಿಷಯ ಬಂದಾಗ ದರಪಟ್ಟಿಯನ್ನು ನೋಡುವ ಮೊದಲು ಈ ನಾಲ್ಕು ಪ್ರಶ್ನೆಗಳನ್ನು ಹಿರಿಯರೇ ಎತ್ತಬೇಕೆಂದು ಸದ್ಭಕ್ತರಲ್ಲಿ ನಮ್ಮ ವಿನಂತಿ. ಉತ್ತರವನ್ನು ಯುವಕರು ಹೇಳಲಿ, ನಡವಳಿ ಪುಸ್ತಕದಲ್ಲಿ ಅದು ದಾಖಲಾಗಲಿ.