ಸಾವಿರ ಮೀಟರಿನ ಮೇಲೆ ಬಹುವಚನವಿಲ್ಲ

ಆಲ್ಪ್ಸ್ ಪರ್ವತಸೀಮೆಯಲ್ಲಿ ಜರ್ಮನ್ ಮಾತಾಡುವ ಕಡೆಯೆಲ್ಲ ಬರೆಯದ ಕಟ್ಟಳೆಯೊಂದಿದೆ: ಸಾವಿರ ಮೀಟರ್ ಎತ್ತರ ದಾಟಿದ ಮೇಲೆ ಯಾರಿಗೂ ಬಹುವಚನವಿಲ್ಲ. ಕನ್ನಡದ ನೀನು, ನೀವುಗಳ ಹಾಗೆ ಜರ್ಮನ್‌ನಲ್ಲಿ ‘ದು’, ‘ಜೀ’ ಇವೆ. ಕೆಳಗೆ ಊರಿನಲ್ಲಿ ಬ್ಯಾಂಕ್ ಮ್ಯಾನೇಜರನ್ನು ‘ದು’ ಎಂದರೆ ಅಧಿಕಪ್ರಸಂಗ. ಅದೇ ಮನುಷ್ಯ ಬೆನ್ನಿಗೆ ಚೀಲ ಏರಿಸಿ, ಕಾಲಿಗೆ ಸ್ಕೀ ಕಟ್ಟಿಕೊಂಡು ಮೇಲೆ ಎದುರಾದಾಗ ‘ಜೀ’ ಎಂದರೆ ಬಿಗುಮಾನ. ಚಳಿಗಾಲದ ರಜೆಗೆಂದು ಬಂದ ಅಪರಿಚಿತರು ಇಲ್ಲಿ ಇಷ್ಟು ಬೇಗ ಗೆಳೆಯರಾಗುವುದಕ್ಕೆ ಬರೀ ಸೌಜನ್ಯ ಕಾರಣವಲ್ಲ. ಹಿಮದಲ್ಲಿ ಒಬ್ಬಂಟಿಯಾಗಿ ಬದುಕುವುದು ಕಷ್ಟ ಎಂಬ ಹಳೆಯ ಲೆಕ್ಕಾಚಾರವೂ ಇದರ ಹಿಂದಿದೆ.

ಸುಮಾರು 1,200 ಕಿಲೋಮೀಟರ್ ಉದ್ದಕ್ಕೆ ಬಿಲ್ಲಿನಂತೆ ಬಾಗಿರುವ ಆಲ್ಪ್ಸ್ ಫ್ರಾನ್ಸ್, ಇಟಲಿ, ಸ್ವಿಟ್ಜರ್ಲೆಂಡ್, ಆಸ್ಟ್ರಿಯಾ ಸೇರಿ ಎಂಟು ದೇಶಗಳಲ್ಲಿ ಹರಡಿದೆ. ಸ್ಕೀ ಮಾತ್ರ ಇಲ್ಲಿನದಲ್ಲ, ನಾರ್ವೆಯದು. ‘ಸ್ಕೀ’ ಎಂಬ ಪದದ ಮೂಲಾರ್ಥ ಸೀಳಿದ ಮರದ ತುಂಡು. ಆಲ್ಪ್ಸ್‌ನ ರೈತರಿಗೆ ಚಳಿಗಾಲವೆಂದರೆ ದನಗಳೊಂದಿಗೆ ಮನೆಯೊಳಗೆ ಕೂರುವ ಕಾಲ. ಬೇಸಿಗೆಯಲ್ಲಿ ಬರುತ್ತಿದ್ದ ಇಂಗ್ಲಿಷ್ ಪ್ರವಾಸಿಗಳೂ ಹಿಮ ಬೀಳುವ ಮೊದಲೇ ಗಂಟುಮೂಟೆ ಕಟ್ಟುತ್ತಿದ್ದರು. 1864ರಲ್ಲಿ ಸೇಂಟ್ ಮೊರಿಟ್ಸ್‌ನ ಹೋಟೆಲ್ ಮಾಲೀಕ ಯೊಹಾನೆಸ್ ಬಾದ್ರುಟ್ ಕೆಲವು ಅತಿಥಿಗಳೊಂದಿಗೆ ಪಂಥ ಕಟ್ಟಿದನಂತೆ: ಚಳಿಗಾಲದಲ್ಲಿ ಬನ್ನಿ, ಬಿಸಿಲು ಮೆಚ್ಚದಿದ್ದರೆ ಖರ್ಚು ನನ್ನದು. ಅವರು ಡಿಸೆಂಬರಿನಲ್ಲಿ ಬಂದವರು ವಸಂತದವರೆಗೆ ಉಳಿದರು ಎಂಬುದು ಅಲ್ಲಿನವರು ಇಂದಿಗೂ ಸೊಗಸಾಗಿ ಹೇಳುವ ಕಥೆ. ಕಥೆಯಲ್ಲಿ ಉಪ್ಪುಖಾರ ಸೇರಿರಬಹುದು, ಆದರೆ ಚಳಿಗಾಲದ ಪ್ರವಾಸ ಶುರುವಾದದ್ದು ಹೆಚ್ಚುಕಡಿಮೆ ಆ ದಿನಗಳಲ್ಲೇ.

ಅದಾಗಿ ಮೂವತ್ತು ವರ್ಷಕ್ಕೆ, 1894ರಲ್ಲಿ, ಷೆರ್ಲಾಕ್ ಹೋಮ್ಸ್‌ನನ್ನು ಸೃಷ್ಟಿಸಿದ ಆರ್ಥರ್ ಕಾನನ್ ಡಾಯ್ಲ್ ದಾವೋಸ್‌ನ ಬ್ರಾಂಗರ್ ಸಹೋದರರ ಜೊತೆ ಸ್ಕೀ ಕಟ್ಟಿಕೊಂಡು ಕಣಿವೆ ದಾಟಿ ಅರೋಸಾ ಊರಿಗೆ ಇಳಿದ. ಇಳಿಜಾರಿನ ಒಂದಷ್ಟು ಭಾಗವನ್ನು ಆತ ದಾಟಿದ್ದು ಕುಂಡೆಯ ಮೇಲೆ ಜಾರುತ್ತಾ. ಪ್ಯಾಂಟು ಹರಿದದ್ದನ್ನೂ ತಮಾಷೆಯಾಗಿ ಬರೆದುಕೊಂಡಿದ್ದಾನೆ. ಅರೋಸಾದ ಹೋಟೆಲ್ ದಾಖಲೆಯಲ್ಲಿ ಅವನ ವೃತ್ತಿಯನ್ನು ಬ್ರಾಂಗರ್ ಬರೆದದ್ದು ‘ಕ್ರೀಡಾಪಟು’ ಎಂದು.

ಸ್ಕೀಯಿಂಗ್ ಒಂದು ವಿದ್ಯೆಯಾಗಿ, ಕೂಟವಾಗಿ ಬೆಳೆದದ್ದು ಆಸ್ಟ್ರಿಯಾದ ಆರ್ಲ್‌ಬರ್ಗ್ ಪ್ರದೇಶದಲ್ಲಿ. 1901ರ ಜನವರಿ 3ರಂದು ಸೇಂಟ್ ಕ್ರಿಸ್ಟೋಫ್‌ನ ಹಳೆಯ ಛತ್ರದಲ್ಲಿ ಸೇರಿದ್ದ ಕೆಲವು ಗೆಳೆಯರು ಅಲ್ಲಿನ ಅತಿಥಿ ಪುಸ್ತಕದಲ್ಲೇ ನಾಲ್ಕು ಸಾಲು ಗೀಚಿ ‘ಸ್ಕೀ ಕ್ಲಬ್ ಆರ್ಲ್‌ಬರ್ಗ್’ ಹುಟ್ಟುಹಾಕಿದರು. ಇಲ್ಲಿನವನೇ ಆದ ಹಾನ್ನೆಸ್ ಶ್ನೈಡರ್ 1907ರಿಂದ ಸೇಂಟ್ ಆಂಟೋನ್‌ನಲ್ಲಿ ಪಾಠ ಹೇಳತೊಡಗಿದ. ಮೊಣಕಾಲು ಮಡಿಸಿ, ಮುಂದಕ್ಕೆ ಬಾಗಿ ತಿರುವು ತೆಗೆದುಕೊಳ್ಳುವ ಅವನ ಪದ್ಧತಿಯನ್ನು ಹಂತ ಹಂತವಾಗಿ ಯಾರು ಬೇಕಾದರೂ ಕಲಿಯಬಹುದಿತ್ತು.

ಶ್ನೈಡರನ ಆಪ್ತರಲ್ಲಿ ಒಬ್ಬ ಆರ್ನಾಲ್ಡ್ ಲನ್. ಇಂಗ್ಲೆಂಡಿನವನಾದರೂ ಹುಟ್ಟಿದ್ದು ಮದರಾಸಿನಲ್ಲಿ, 1888ರಲ್ಲಿ. ತಂದೆ ಅಲ್ಲಿ ಮಿಷನರಿ. 1922ರಲ್ಲಿ ಸ್ವಿಟ್ಜರ್ಲೆಂಡಿನ ಮ್ಯೂರೆನ್‌ನಲ್ಲಿ ಆಧುನಿಕ ಸ್ಲಾಲಮ್ (ನೆಟ್ಟ ಕಂಬಗಳ ನಡುವೆ ತಿರುಗುತ್ತಾ ಇಳಿಯುವ) ಸ್ಪರ್ಧೆಗೆ ನಿಯಮ ಕಟ್ಟಿದವನು ಇವನೇ. 1928ರಲ್ಲಿ ಇಬ್ಬರೂ ಸೇರಿ ಆರ್ಲ್‌ಬರ್ಗ್–ಕಂದಹಾರ್ ಎಂಬ ಸ್ಪರ್ಧೆ ಆರಂಭಿಸಿದರು. ಅಫ್ಘಾನಿಸ್ತಾನದ ಊರಿನ ಹೆಸರು ಆಲ್ಪ್ಸ್ ಹತ್ತಿದ್ದು, ಅಲ್ಲಿ ಯುದ್ಧ ಗೆದ್ದ ಬ್ರಿಟಿಷ್ ಸೇನಾನಿ ಲಾರ್ಡ್ ರಾಬರ್ಟ್ಸ್ ಹಿಂದೊಮ್ಮೆ ಸ್ಕೀ ಸ್ಪರ್ಧೆಗೆ ಕಪ್ ಕೊಟ್ಟಿದ್ದರಿಂದ. ಮೊದಲ ಮಹಾಯುದ್ಧದಲ್ಲಿ ಎದುರಾಬದುರಾಗಿದ್ದ ಎರಡು ದೇಶಗಳವರು ಹತ್ತೇ ವರ್ಷದಲ್ಲಿ ಕೂಡಿ ನಡೆಸಿದ ಆಟವಿದು. 1938ರ ಮಾರ್ಚ್‌ನಲ್ಲಿ ಹಿಟ್ಲರನ ಸೇನೆ ಆಸ್ಟ್ರಿಯಾ ಹೊಕ್ಕಿತು, ನಾಜಿಗಳನ್ನು ವಿರೋಧಿಸುತ್ತಿದ್ದ ಶ್ನೈಡರನ ಬಂಧನವಾಯಿತು. ಆ ವರ್ಷದ ಸ್ಪರ್ಧೆಗೆ ಎಲ್ಲ ಸಿದ್ಧವಿದ್ದರೂ ಗೆಳೆಯನಿಲ್ಲದೆ ಆಟವಿಲ್ಲವೆಂದು ಲನ್ ಅದನ್ನು ರದ್ದು ಮಾಡಿದ. ಮರುವರ್ಷ ಬಿಡುಗಡೆಯಾಗಿ ಅಮೆರಿಕದ ನಾರ್ತ್ ಕಾನ್ವೇ ರೈಲು ನಿಲ್ದಾಣದಲ್ಲಿ ಇಳಿದ ಶ್ನೈಡರನನ್ನು ಮಕ್ಕಳು ಸ್ಕೀ ಕೋಲುಗಳನ್ನು ಎತ್ತಿಹಿಡಿದು ಕಮಾನು ಕಟ್ಟಿ ಬರಮಾಡಿಕೊಂಡರು.

ಸ್ಕೀ ರಜೆ ಸಾಮಾನ್ಯರ ಕೈಗೆ ಎಟುಕುವಂತಾದದ್ದು ಎರಡು ಮಹಾಯುದ್ಧಗಳ ನಡುವಿನ ಕಾಲದಲ್ಲಿ. ಲಂಡನ್ನಿನಲ್ಲಿ ಓದುತ್ತಿದ್ದ ವಿಯೆನ್ನಾದ ಹುಡುಗಿ ಎರ್ನಾ ಲೋಗೆ ಊರಿಗೆ ಹೋಗಲು ಹಣವಿರಲಿಲ್ಲ. 1932ರಲ್ಲಿ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟಳು: ಆಸ್ಟ್ರಿಯಾಕ್ಕೆ ಸ್ಕೀ ತಂಡ ಕರೆದೊಯ್ಯುತ್ತೇನೆ, ಎರಡು ವಾರಕ್ಕೆ 15 ಪೌಂಡ್. ಗುರುತು ಪರಿಚಯವಿಲ್ಲದವರು ಒಟ್ಟಿಗೆ ಹೊರಡುವ ಗುಂಪು ಪ್ರವಾಸ ಹಾಗೆ ಬೇರೂರಿತು. 1934ರಲ್ಲಿ ಎಂಜಿನಿಯರ್ ಎರ್ನ್‌ಸ್ಟ್ ಕಾನ್‌ಸ್ಟಾಮ್ ದಾವೋಸ್‌ನಲ್ಲಿ ಸ್ಕೀ ಕಟ್ಟಿದವರನ್ನು ಮೇಲಕ್ಕೆ ಎಳೆಯುವ ಲಿಫ್ಟ್ ಕಟ್ಟಿದ. ಅಲ್ಲಿಯವರೆಗೆ ಐದು ನಿಮಿಷ ಜಾರಲು ಒಂದು ಗಂಟೆ ಹತ್ತಬೇಕಿತ್ತು.

ಇಂದು ಫ್ರಾನ್ಸಿನ ‘ಮೂರು ಕಣಿವೆ’ ಸೀಮೆಯೊಂದರಲ್ಲೇ ಲಿಫ್ಟ್‌ಗಳಿಂದ ಜೋಡಿಸಿದ ಸುಮಾರು 600 ಕಿಲೋಮೀಟರ್ ಜಾರುದಾರಿ ಇದೆ. ದಾರಿಗಳಿಗೆ ಬಣ್ಣವುಂಟು: ನೀಲಿ ಸುಲಭ, ಕೆಂಪು ಮಧ್ಯಮ, ಕಪ್ಪು ಕಠಿಣ, ಫ್ರಾನ್ಸಿನಲ್ಲಿ ಹೊಸಬರಿಗೆಂದು ಹಸಿರೂ ಇದೆ. ಶನಿವಾರ ಬಂದು ಶನಿವಾರ ಹೊರಡುವ ವಾರದ ರಜೆಯಲ್ಲಿ ಮೊದಲೆರಡು ದಿನ ಹೊಸಬರೆಲ್ಲ ಬೀಳುತ್ತಲೇ ಇರುತ್ತಾರೆ. ದೊಡ್ಡ ಹುದ್ದೆಯವರು ಹಿಮದಲ್ಲಿ ಕಾಲು ಮೇಲಾಗಿ ಬಿದ್ದಿರುವಾಗ ಐದು ವರ್ಷದ ಮಗು ಪಕ್ಕದಲ್ಲೇ ಸುಯ್ಯೆಂದು ಇಳಿದುಹೋಗುತ್ತದೆ. ಇಷ್ಟಾದ ಮೇಲೆ ಯಾರಿಗೂ ದೊಡ್ಡಸ್ತಿಕೆ ತೋರುವ ಧೈರ್ಯ ಉಳಿಯುವುದಿಲ್ಲ. ಅಂತರರಾಷ್ಟ್ರೀಯ ಸ್ಕೀ ಒಕ್ಕೂಟ 1967ರಲ್ಲಿ ರೂಪಿಸಿದ ಹತ್ತು ನಿಯಮಗಳಂತೆ ಹಿಂದಿನಿಂದ ಬರುವವನೇ ಮುಂದಿನವನನ್ನು ಕಾಯಬೇಕು; ಅಪಘಾತವಾದರೆ ನೆರವಿಗೆ ನಿಲ್ಲುವುದು ಎಲ್ಲರ ಕರ್ತವ್ಯ.

ಆದರೆ ಪರ್ವತದ ಹುಚ್ಚು ಹತ್ತಿದವರನ್ನು ನೋಡಬೇಕಾದದ್ದು ಲಿಫ್ಟ್‌ಗಳು ಮುಗಿದ ಮೇಲಿನ ತಾಣಗಳಲ್ಲಿ. ಅಲ್ಲಿ ಸ್ಕೀಯ ಅಡಿಗೆ ‘ಚರ್ಮ’ ಅಂಟಿಸಿ ಹತ್ತುತ್ತಾರೆ. ಹಿಂದೆ ಅದು ನಿಜಕ್ಕೂ ಸೀಲ್ ಪ್ರಾಣಿಯ ಚರ್ಮ, ಈಗ ನೈಲಾನ್ ಅಥವಾ ಮೊಹೇರ್; ಕೂದಲು ಹಿಮ್ಮುಖವಾಗಿರುವುದರಿಂದ ಸ್ಕೀ ಮುಂದೆ ಸರಿಯುತ್ತದೆ, ಹಿಂದೆ ಜಾರದು. ಶಾಮನಿಯಿಂದ ಜೆರ್ಮಾಟ್‌ಗೆ ಹೋಗುವ ಹೆಸರಾಂತ ‘ಹೋಟ್ ರೂಟ್’ ಇಂಥ ಹಲವು ದಿನಗಳ ದಾರಿ. ರಾತ್ರಿ ತಂಗಲು ಪರ್ವತ ಸಂಘಗಳ ವಸತಿಗೃಹಗಳಿವೆ. ಸ್ವಿಸ್ ಆಲ್ಪೈನ್ ಕ್ಲಬ್‌ದೇ ಸುಮಾರು 150. ಸಾಸ್-ಫೇ ಊರಿನ ಮೇಲಿರುವ ಬ್ರಿಟಾನಿಯಾ ಗೃಹ ಆ ಕ್ಲಬ್ಬಿನ ಬ್ರಿಟಿಷ್ ಸದಸ್ಯರು 1912ರಲ್ಲಿ ಕಟ್ಟಿಸಿಕೊಟ್ಟದ್ದು.

ಒಳಗೆ ಕಾಲಿಟ್ಟರೆ ಮೊದಲು ಮೂಗಿಗೆ ಬಡಿಯುವುದು ಒದ್ದೆ ಉಣ್ಣೆಯ ಕಾಲುಚೀಲಗಳ ವಾಸನೆ. ಬೂಟುಗಳನ್ನು ಬಾಗಿಲಲ್ಲೇ ಬಿಚ್ಚಿ, ಎಲ್ಲರಿಗೂ ಇಟ್ಟಿರುವ ಚಪ್ಪಲಿ ಮೆಟ್ಟಬೇಕು. ಜಾಗ ಆರಿಸುವ ಹಕ್ಕು ಅತಿಥಿಗಿಲ್ಲ. ಗೃಹಪಾಲಕಿ ತೋರಿಸಿದ ಉದ್ದನೆಯ ಬೆಂಚಿನಲ್ಲಿ ಕೂರಬೇಕು. ಸೂಪಿನ ದೊಡ್ಡ ಪಾತ್ರೆ ಮೇಜಿಗೆ ಒಂದು. ಹತ್ತಿರವಿದ್ದವರು ಉಳಿದವರಿಗೆ ಬಡಿಸುತ್ತಾರೆ, ಮಾತು ಅಲ್ಲಿಂದ ಶುರು. ಎಷ್ಟೋ ಗೃಹಗಳಲ್ಲಿ ನೀರೆಂದರೆ ಹಿಮ ಕರಗಿಸಿದ್ದು, ಹಾಗಾಗಿ ಕುಡಿಯುವ ನೀರಿಗೂ ಬೆಲೆ. ಮಲಗುವುದು ಸಾಲಾಗಿ ಹಾಸಿದ ಹಾಸಿಗೆಗಳ ಮೇಲೆ, ಪಕ್ಕದವರ ಗೊರಕೆ ಉಚಿತ. ಮಲಗುವ ಮೊದಲು ಅತಿಥಿ ಪುಸ್ತಕದಲ್ಲಿ ಹೆಸರಿನ ಜೊತೆ ನಾಳೆ ಹೋಗುವ ಜಾಗವನ್ನೂ ಬರೆಯುವುದು ರೂಢಿ. ಅದು ಶಿಷ್ಟಾಚಾರವಲ್ಲ: ಯಾರಾದರೂ ತಲುಪದಿದ್ದರೆ ಎಲ್ಲಿ ಹುಡುಕಬೇಕೆಂದು ತಿಳಿಯುವುದು ಅದರಿಂದಲೇ. ಪಾಲಕರಿಲ್ಲದ ತಿಂಗಳುಗಳಲ್ಲೂ ಹಲವೆಡೆ ಒಂದು ಕೋಣೆಗೆ ಬೀಗ ಹಾಕುವುದಿಲ್ಲ. ಸೌದೆ, ಕಂಬಳಿ ಬಳಸಿದವರು ಹಣವನ್ನು ಪೆಟ್ಟಿಗೆಗೆ ಹಾಕಿ ಹೋಗುತ್ತಾರೆ.

ಬೆಳಗ್ಗೆ ಹೊರಡುವ ಮುನ್ನ ಒಂದು ಪರೀಕ್ಷೆ ನಡೆಯುತ್ತದೆ. ಮುಂದಾಳು ಹತ್ತಾರು ಹೆಜ್ಜೆ ಆಚೆ ನಿಲ್ಲುತ್ತಾನೆ, ಉಳಿದವರು ಒಬ್ಬೊಬ್ಬರಾಗಿ ಅವನನ್ನು ದಾಟುತ್ತಾರೆ. ಹಿಮದಡಿ ಹೂತವರನ್ನು ಪತ್ತೆಹಚ್ಚಲೆಂದು ಪ್ರತಿಯೊಬ್ಬರ ಎದೆಗೆ ಕಟ್ಟಿದ ಸಾಧನದ ಸಂಕೇತ ಅವನ ಸಾಧನದಲ್ಲಿ ‘ಬೀಪ್’ ಎನ್ನಬೇಕು. ಎಲ್ಲ ಕಂಪನಿಗಳ ಸಾಧನಗಳೂ 457 ಕಿಲೋಹರ್ಟ್ಜ್ ಎಂಬ ಒಂದೇ ಆವರ್ತನದಲ್ಲಿ ಕೆಲಸ ಮಾಡುತ್ತವೆ. ಹಿಮಕುಸಿತದಲ್ಲಿ ಹೂತುಹೋದವರು ಹತ್ತು ಹದಿನೈದು ನಿಮಿಷದೊಳಗೆ ಸಿಕ್ಕರೆ ಬಹುಮಟ್ಟಿಗೆ ಬದುಕುತ್ತಾರೆ. ಆಮೇಲೆ ಉಸಿರುಗಟ್ಟಿ ಆಸೆ ಕ್ಷೀಣಿಸುತ್ತದೆ. ಅಷ್ಟರೊಳಗೆ ಹೆಲಿಕಾಪ್ಟರ್ ಬರುವುದು ಅಪರೂಪ. ಹುಡುಕುವವರು, ಉದ್ದನೆಯ ಸಲಾಕೆಯಿಂದ ಚುಚ್ಚಿ ನೋಡುವವರು, ಅಗೆಯುವವರು ಎಲ್ಲರೂ ಜೊತೆಯಲ್ಲಿದ್ದವರೇ. ತನ್ನ ಚೀಲದಲ್ಲಿರುವ ಸಲಿಕೆ ತನಗೆ ಉಪಯೋಗವಿಲ್ಲ, ಗೆಳೆಯನ ಚೀಲದ್ದೇ ಬೇಕು.

ಇದೇ ಗೆಳೆತನಕ್ಕೆ ಅಪಾಯದ ಮುಖವೂ ಇದೆ. ಯುರೋಪಿನಲ್ಲಿ ಹಿಮಕುಸಿತದ ಅಪಾಯವನ್ನು ಐದು ಮಟ್ಟಗಳಲ್ಲಿ ಪ್ರಕಟಿಸುತ್ತಾರೆ. ನಾಲ್ಕು, ಐದಕ್ಕೆ ಹೆಚ್ಚಿನವರು ಹೊರಡುವುದೇ ಇಲ್ಲ; ಮೂರಕ್ಕೆ ಹೊರಡುತ್ತಾರೆ, ಸಾವುಗಳು ಹೆಚ್ಚಾಗಿ ಸಂಭವಿಸುವುದೂ ಆಗಲೇ. ಇಳಿಜಾರು ಸರಿಯಿಲ್ಲ ಎಂದು ಒಳಗೊಳಗೆ ಅನ್ನಿಸಿದರೂ ಗುಂಪಿನ ಉತ್ಸಾಹಕ್ಕೆ ತಣ್ಣೀರು ಎರಚಲು ಯಾರಿಗೂ ಮನಸ್ಸಾಗುವುದಿಲ್ಲ. ಈಗ ತರಬೇತಿಗಳಲ್ಲಿ ‘ವಾಪಸ್ ಹೋಗೋಣ’ ಎನ್ನುವುದನ್ನೂ ಒಂದು ಕೌಶಲವೆಂದೇ ಕಲಿಸುತ್ತಾರೆ.

ಹಿಮವೇ ಈಗ ಕಡಿಮೆಯಾಗುತ್ತಿದೆ. ತಗ್ಗಿನ ತಾಣಗಳು ಕೃತಕ ಹಿಮ ಉಗುಳುವ ಯಂತ್ರಗಳನ್ನು ನಂಬಿ ನಿಂತಿವೆ, ಕೆಲವು ಮುಚ್ಚಿವೆ. ಸ್ವಿಟ್ಜರ್ಲೆಂಡಿನ ಹಿಮನದಿಗಳು 2022 ಮತ್ತು 2023ರ ಎರಡೇ ವರ್ಷಗಳಲ್ಲಿ ತಮ್ಮ ಗಾತ್ರದ ಹತ್ತನೇ ಒಂದು ಭಾಗ ಕಳೆದುಕೊಂಡವು. ಅಲೆಚ್ ಹಿಮನದಿಯ ದಡದ ಬಂಡೆಯ ಮೇಲೆ ಮೊದಲ ಕಾಂಕಾರ್ಡಿಯಾ ಗೃಹ ಕಟ್ಟಿದ್ದು 1877ರಲ್ಲಿ. ಆಗ ಹಿಮ ಅಲ್ಲಿಂದ ಅಷ್ಟೇನೂ ಕೆಳಗಿರಲಿಲ್ಲ. ಹಿಮನದಿ ಕುಗ್ಗಿದಂತೆಲ್ಲ ಕೆಳತುದಿಗೆ ಕಬ್ಬಿಣದ ಮೆಟ್ಟಿಲು ಸೇರಿಸುತ್ತಾ ಬಂದು ಈಗ ಅವು ನಾನೂರು ದಾಟಿವೆ. ದಿನವಿಡೀ ಸ್ಕೀ ಮಾಡಿ ದಣಿದವರು ಸ್ಕೀಗಳನ್ನು ಬೆನ್ನಿಗೆ ಬಿಗಿದು ಅಷ್ಟನ್ನೂ ಹತ್ತಿದ ಮೇಲೆಯೇ ಸೂಪು.